ಸ್ಥಳದ ಖಾನೆ

ಶುಕ್ರವಾರ ಸಂಜೆ 7.10ಕ್ಕೆ ಕೃಪಾ ಪಂಚಾಂಗದ ಮೂರನೆಯ ಸಾಫ್ಟ್‌ವೇರನ್ನು ಪರೀಕ್ಷಿಸಿ ಪಾಸು ಮಾಡಿದಳು. ಅದು ಕೊಟ್ಟ ಉತ್ತರ ಮಂಗಳವಾರ.

ವಿಶಾಖಪಟ್ಟಣದ ಗಾಜುವಾಕದ ಮನೆಯಲ್ಲಿ, ಊಟದ ಮೇಜಿನ ಮೇಲೆ, ಅಪ್ಪನ ಹಳೆಯ ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಐದು ಸಂಜೆಗಳಿಂದ ನಡೆದಿತ್ತು. ಅಪ್ಪ ಸತ್ಯಮೂರ್ತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮೊದಲ ವರ್ಷದ ಶ್ರಾದ್ಧ ಮಾರ್ಗಶಿರ ಶುದ್ಧ ಸಪ್ತಮಿಗೆ. ಆ ಸಪ್ತಮಿ ಈ ಸಲ ಮಂಗಳವಾರ ಮಧ್ಯಾಹ್ನ ಹುಟ್ಟಿ ಬುಧವಾರ ಮಧ್ಯಾಹ್ನ ಮುಗಿಯುತ್ತಿತ್ತು. ಎರಡರಲ್ಲಿ ಶ್ರಾದ್ಧದ ದಿನ ಯಾವುದು ಎಂಬುದನ್ನು ಯಾರಾದರೂ ಹೇಳಬೇಕಿತ್ತು. ಗೋಡೆಯ ಮೇಲಿನ ತೆಲುಗು ಕ್ಯಾಲೆಂಡರು ಬುಧವಾರದ ಚೌಕದಲ್ಲಿ ಸಪ್ತಮಿ ಎಂದು ಹಾಕಿತ್ತು. ವಿಜಯವಾಡದ ಭವಾನಿಪುರಂನಲ್ಲಿರುವ ಅಣ್ಣ ಭೀಮಸೇನನಿಗೆ ಅಲ್ಲಿನ ಪುರೋಹಿತರು ಮಂಗಳವಾರ ಎಂದಿದ್ದರು.

"ದಿನ ತಪ್ಪಿದ್ರ ಅವರು ಬಂದು ನೋಡ್ತಾರ. ಒಲಿ ಹಚ್ಚಿಲ್ಲ ಅಂತ ಹೊಳ್ಳಿ ಹೋಗ್ತಾರ," ಎಂದಿದ್ದರು ತಾಯಿ ರಾಜಮ್ಮ. ಅವರು ಇದನ್ನು ಅಳುತ್ತ ಹೇಳಿರಲಿಲ್ಲ. ಹಾಲಿನವನು ಬಂದು ಬೀಗ ನೋಡಿ ಹೋಗುತ್ತಾನೆ ಎಂಬಷ್ಟೇ ಸಹಜವಾಗಿ ಹೇಳಿದ್ದರು. ಇದೇ ಕಾರಣಕ್ಕೆ ವರ್ಷವಿಡೀ ಅವರು ಒಂದು ರಾತ್ರಿಯೂ ಬೇರೆ ಕಡೆ ಮಲಗಿರಲಿಲ್ಲ. ಭೀಮಸೇನ ನಾಲ್ಕು ಸಲ ವಿಜಯವಾಡಕ್ಕೆ ಕರೆದಿದ್ದ. ನಾಲ್ಕು ಸಲವೂ ಅವರ ಉತ್ತರ ಒಂದೇ: "ಅವರು ಬರೂದು ಈ ಮನೀಗೆ."

ಸತ್ಯಮೂರ್ತಿ ಬಾಗಲಕೋಟೆಯವರು. ನೌಕಾಪಡೆಗೆ ಸೇರಿ, ಹಡಗಿನ ದಿಕ್ಕು ದೂರಗಳ ಲೆಕ್ಕ ನೋಡುವ ವಿಭಾಗದಲ್ಲಿ ದುಡಿದು, ನಿವೃತ್ತರಾದ ಮೇಲೆ ವಿಶಾಖಪಟ್ಟಣದಲ್ಲೇ ಮನೆ ಕಟ್ಟಿಸಿದವರು. ಪ್ರತಿ ಯುಗಾದಿಗೆ ಅವರ ಅಣ್ಣ ಊರಿನಿಂದ ಅಂಚೆಯಲ್ಲಿ ಪಂಚಾಂಗ ಕಳಿಸುತ್ತಿದ್ದರು. ಅಣ್ಣ ಹೋದ ಮೇಲೆ ಸತ್ಯಮೂರ್ತಿಯವರೇ ಪತ್ರ ಬರೆದು ತರಿಸಿಕೊಳ್ಳುತ್ತಿದ್ದರು. ಈ ಯುಗಾದಿಗೆ ಪತ್ರ ಬರೆಯುವವರು ಇರಲಿಲ್ಲ. ಕೃಪಾ ನವೆಂಬರಿನಲ್ಲಿ ಬಾಗಲಕೋಟೆಯ ಅಂಗಡಿಗೆ ಫೋನು ಮಾಡಿದಾಗ, ಪ್ರತಿಗಳು ಏಪ್ರಿಲಿನಲ್ಲೇ ಮುಗಿದವು ಎಂದರು. ಊರಿನಲ್ಲಿ ಕೇಳುವಂಥ ಸ್ವಂತದವರು ಯಾರೂ ಉಳಿದಿರಲಿಲ್ಲ.

ಹಾಗಾಗಿ ಇಂಟರ್‌ನೆಟ್. ಪಂಚಾಂಗದ ಸಾಫ್ಟ್‌ವೇರು ಹುಡುಕುವ ಕೆಲಸ ಕೃಪಾಳ ಪಾಲಿಗೆ ಬಂದದ್ದು ಅವಳ ಕೆಲಸದಿಂದಾಗಿ. ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ, ಯಾವುದೇ ಸಾಫ್ಟ್‌ವೇರು ಬಳಕೆಗೆ ಬರುವ ಮೊದಲು ಅದನ್ನು ಪರೀಕ್ಷಿಸಿ ಸಹಿ ಹಾಕುವ ವಿಭಾಗದಲ್ಲಿ ಅವಳಿಗೆ ಹನ್ನೊಂದು ವರ್ಷದ ಅನುಭವ. ಬರೆದಿಡದ ಪರೀಕ್ಷೆ ನಡೆದೇ ಇಲ್ಲ ಎಂಬುದು ಆ ವಿಭಾಗದ ಮೊದಲ ಪಾಠ. ಅವಳು ಮನೆಯಲ್ಲೂ ಒಂದು ಹಾಳೆ ತೆಗೆದುಕೊಂಡು, ಗೆರೆ ಎಳೆದು, ತಾರೀಖು ಹಾಕಿ ಶುರು ಮಾಡಿದಳು.

"ಇಂಟರ್‌ನೆಟ್ಟಿನಾಗಿಂದು ಯಾರು ಬರದಿದ್ದೋ ಏನೋ," ಎಂದರು ರಾಜಮ್ಮ.

"ಪಂಚಾಂಗ ಬರದವ್ರನ್ನ ನೀ ನೋಡಿಯೇನು?"

"ಅವರ ಫೋಟೋ ಇರ್ತಿತ್ತು, ಮೊದಲ ಪುಟದಾಗ."

ಮೊದಲನೆಯ ಸಾಫ್ಟ್‌ವೇರಿನ ಪುಟದಲ್ಲಿ ಡೌನ್‌ಲೋಡ್ ಎಂಬ ಹಸಿರು ಗುಂಡಿಗಳು ನಾಲ್ಕಿದ್ದವು. ಮೂರು ಜಾಹೀರಾತು. ನಾಲ್ಕನೆಯದರಿಂದ ಇಳಿದ ಫೈಲನ್ನು ಅವಳು ತೆರೆಯದೆ, ವೈರಸ್ ಪತ್ತೆಹಚ್ಚುವ ತಾಣವೊಂದಕ್ಕೆ ಕಳಿಸಿದಳು. ಅಲ್ಲಿನ ಹನ್ನೊಂದು ಆಂಟಿವೈರಸ್‌ಗಳಿಂದ ಎಚ್ಚರಿಕೆ ಬಂತು. ಅದನ್ನು ಅಳಿಸಿ, ಹಾಳೆಯಲ್ಲಿ 'ತೆರೆದಿಲ್ಲ' ಎಂದು ಬರೆದಳು.

ಎರಡನೆಯದು ಉಚಿತ. ಬರೆದವರು ಅದರ ಒಳಗಿನ ಕೋಡನ್ನೆಲ್ಲ ಯಾರು ಬೇಕಾದರೂ ಓದಲು ಬಿಟ್ಟಿದ್ದರು. ಮೂರು ತಿಂಗಳ ಹಿಂದಷ್ಟೇ ತಿದ್ದುಪಡಿ ಆಗಿತ್ತು. ಬಳಕೆದಾರರ ದೂರುಗಳಿಗೆ ಹೆಸರು ಹಿಡಿದು ಉತ್ತರ ಕೊಟ್ಟಿದ್ದರು. ತಿಥಿ ಲೆಕ್ಕ ಹಾಕುವ ಗಣಿತದ ಪದ್ಧತಿಯನ್ನೂ ಊರನ್ನೂ ನಾವೇ ಆರಿಸಬಹುದಿತ್ತು. ಪದ್ಧತಿ ಯಾವುದೆಂದು ರಾಜಮ್ಮ ಹಳೆಯ ಪಂಚಾಂಗದ ಮುನ್ನುಡಿ ಓದಿ ಹೇಳಿದರು. ಊರಿನ ಖಾನೆಯಲ್ಲಿ ಕೃಪಾ ವಿಶಾಖಪಟ್ಟಣ ಎಂದು ಹಾಕಿದಳು.

ಮೂರನೆಯದು ಹದಿನೈದು ವರ್ಷ ಹಳೆಯದು, ಪೂರ್ತಿ ಕನ್ನಡದಲ್ಲಿತ್ತು. ತೆರೆದರೆ ದೀಪದ ಚಿತ್ರ, ಒಂದು ಗಂಟೆಯ ಸದ್ದು. ಅದರಲ್ಲೂ ಊರಿನ ಖಾನೆ ಇತ್ತು, ಇನ್ನೂರು ಊರುಗಳ ಪಟ್ಟಿ ಇತ್ತು. ಅಲ್ಲೂ ಅವಳು ವಿಶಾಖಪಟ್ಟಣ ಎಂದೇ ಆರಿಸಿದಳು. ವೈರಸ್ ಇರಲಿಲ್ಲ. ಆದರೂ ಲ್ಯಾಪ್‌ಟಾಪನ್ನು ಇಂಟರ್‌ನೆಟ್ಟಿನಿಂದ ಬಿಡಿಸಿಯೇ ಇನ್‌ಸ್ಟಾಲ್ ಮಾಡಿದಳು.

ಪರೀಕ್ಷೆಯ ವಿಧಾನ ಕಾರ್ಖಾನೆಯದ್ದೇ: ಉತ್ತರ ಗೊತ್ತಿರುವ ಪ್ರಶ್ನೆ ಕೇಳಬೇಕು. ಗೊತ್ತಿರುವ ಉತ್ತರಗಳು ಟ್ರಂಕಿನಲ್ಲಿದ್ದವು. ಸತ್ಯಮೂರ್ತಿ ಮೂವತ್ತೇಳು ವರ್ಷಗಳ ಪಂಚಾಂಗಗಳನ್ನು ಕಟ್ಟಿ ಇಟ್ಟಿದ್ದರು. ಪ್ರತಿಯೊಂದರಲ್ಲೂ ತಮ್ಮ ತಂದೆಯ ಶ್ರಾದ್ಧದ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ಕೃಪಾಗೆ ಕನ್ನಡ ಓದು ನಿಧಾನ. ಓದಿದ್ದು ತೆಲುಗು ಮತ್ತು ಇಂಗ್ಲಿಷಿನಲ್ಲಿ, ಕನ್ನಡ ಮನೆಯ ಮಾತಿಗಷ್ಟೇ. ಆದ್ದರಿಂದ ರಾಜಮ್ಮ ಕನ್ನಡಕ ಏರಿಸಿಕೊಂಡು ತಾರೀಖು ಓದುತ್ತ ಹೋದರು, ಕೃಪಾ ಟೈಪ್ ಮಾಡುತ್ತ ಹೋದಳು. ಎರಡು ಸಂಜೆ ಹಿಡಿಯಿತು.

ಎರಡನೆಯದು ಮೂವತ್ತೇಳಕ್ಕೆ ಮೂವತ್ತೈದು ಸರಿ ಹೇಳಿತು. ಶಾಲೆಯಲ್ಲಾದರೆ ಡಿಸ್ಟಿಂಕ್ಷನ್, ಔಷಧ ಕಾರ್ಖಾನೆಯಲ್ಲಿ ಫೇಲು. ಮೂರನೆಯದು ಮೂವತ್ತೇಳಕ್ಕೆ ಮೂವತ್ತೇಳು. ಈ ವರ್ಷದ ಸಪ್ತಮಿಯನ್ನು ಕೇಳಿದಾಗ ಅದು ಮಂಗಳವಾರ ಎಂದಿತು. ವಿಜಯವಾಡದ ಪುರೋಹಿತರ ಮಾತೂ ಅದೇ ಆಗಿತ್ತು. ಕೃಪಾ ಹಾಳೆಯಲ್ಲಿದ್ದದ್ದನ್ನು ಟೈಪ್ ಮಾಡಿ, ಸಹಿ ಹಾಕಿ, ಪಿಡಿಎಫ್ ಮಾಡಿ ಅಣ್ಣನಿಗೆ ಕಳಿಸಿದಳು.

ಭೀಮಸೇನ ಕೂಡಲೇ ಫೋನು ಮಾಡಿದ. ಅವನ ಕನ್ನಡದಲ್ಲಿ ತೆಲುಗು ಬೆರೆತಿರುತ್ತಿತ್ತು. "ನಾಲ್ಕು ಪುಟ? ಒಂದು ದಿನ ಹೇಳಲಿಕ್ಕೆ?"

"ಕಡೀ ಪುಟ ಓದು, ಸಾಕು."

"ಮಂಗಳವಾರ ಫಿಕ್ಸ್ ಕದಾ? ಸರೇ, ಸೋಮವಾರ ರಾತ್ರಿ ಅಲ್ಲಿರ್ತೀನಿ. ಅಡಿಗಿಯವರಿಗೆ ಹೇಳು."

ಅಡುಗೆಯವರಿಗೆ ಹೇಳಲಾಯಿತು. ಗಾಜುವಾಕದ ಪುರೋಹಿತರಿಗೂ ಮಂಗಳವಾರ ಎಂದೇ ಹೇಳಿದರು. ಬೇರೆ ಎರಡು ಮನೆಗಳ ಕೆಲಸವಿದ್ದ ಅವರು ಮರುಪ್ರಶ್ನೆ ಕೇಳದೆ ಒಪ್ಪಿಕೊಂಡರು. ಶ್ರಾದ್ಧಕ್ಕೆ ಹನ್ನೊಂದು ದಿನ ಇತ್ತು.

ಸೋಮವಾರ ಸಂಜೆ 5.50ಕ್ಕೆ ಕಂಪನಿಯ ಬಸ್ಸು ಪರವಾಡದ ಗೇಟು ಬಿಟ್ಟಿತು. ಪಕ್ಕದ ಸೀಟಿನಲ್ಲಿ ಫಣಿ ಇದ್ದರು. ಕಾರ್ಖಾನೆಯ ತಕ್ಕಡಿ, ಥರ್ಮಾಮೀಟರುಗಳು ಸರಿಯಾಗಿ ಅಳೆಯುತ್ತವೆಯೋ ಎಂದು ನೋಡುವುದು ಇಪ್ಪತ್ತು ವರ್ಷಗಳಿಂದ ಅವರ ಕೆಲಸ. ಇಬ್ಬರ ಮಾತು ಯಾವಾಗಲೂ ತೆಲುಗಿನಲ್ಲಿ. ಕೃಪಾ ತನ್ನ ಮೂವತ್ತೇಳರ ಕಥೆ ಹೇಳಿದಳು. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಮೂವತ್ತೇಳಕ್ಕೆ ಮೂವತ್ತೇಳಾ?" ಎಂದರು ಫಣಿ. "ಅಷ್ಟು ಗುಣವಂತ ಅಳಿಯ ಸಿಕ್ಕರೆ ನಾನು ಮೊದಲು ಅವನ ಓಣಿಯಲ್ಲಿ ವಿಚಾರಿಸ್ತೀನಿ ಮೇಡಂ."

"ವಿಚಾರಿಸೋದಕ್ಕೇನಿದೆ ಫಣಿಗಾರು? ಎಲ್ಲಾ ಸರಿ ಹೇಳಿದೆ."

"ನಮ್ಮ ಕೋಲ್ಡ್ ರೂಮಿನ ಮಾಪಕ ನೆನಪಿದೆಯಾ? ಹೋದ ವರ್ಷದ್ದು. ಮೂರು ವಾರ ಐದು ಡಿಗ್ರಿ, ಐದು ಡಿಗ್ರಿ, ಐದು ಡಿಗ್ರಿ. ರೂಮೂ ಐದೇ ಇತ್ತು. ಎಲ್ಲರೂ ಸಹಿ ಹಾಕಿದರು, ನೀವೂ ಹಾಕಿದಿರಿ. ಆಮೇಲೆ ನಾನು ಅದನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡೆ. ಆಗಲೂ ಐದು."

"ಏನನ್ನಾದರೂ ಬದಲಾಯಿಸಿ ನೋಡಿದಿರಾ?" ಎಂದು ಕೇಳಿದರು ಫಣಿ. "ಬದಲಾಗಬೇಕಾದದ್ದು ಬದಲಾಗ್ತದಾ ಅಂತ?"

ಅವಳು ನೋಡಿರಲಿಲ್ಲ.

ಮನೆಗೆ ಬಂದವಳು ಚಹಾ ಕುಡಿಯುವ ಮೊದಲೇ ಲ್ಯಾಪ್‌ಟಾಪ್ ತೆರೆದಳು. ಮೂರನೆಯ ಸಾಫ್ಟ್‌ವೇರಿನ ಊರಿನ ಖಾನೆಯಲ್ಲಿ ದೆಹಲಿ ಎಂದು ಹಾಕಿದಳು. ಏನೂ ಬದಲಾಗಲಿಲ್ಲ. ಪೋರ್ಟ್ ಬ್ಲೇರ್ ಹಾಕಿದಳು. ಆಗಲೂ ಇಲ್ಲ. ಎರಡನೆಯ ಪುಟಕ್ಕೆ ಹೋದರೆ ಸೂರ್ಯೋದಯದ ಹೊತ್ತು ಇತ್ತು. ಎಲ್ಲ ಊರಿಗೂ 6.42. ವಿಶಾಖಪಟ್ಟಣದಲ್ಲಿ ಆ ದಿನಗಳಲ್ಲಿ ಸೂರ್ಯ ಹುಟ್ಟುವುದು 6.15ರ ಸುಮಾರಿಗೆ. ಅವಳು ಕಂಪನಿಯ ಬಸ್ಸಿಗೆ ಕಾಯುವ ಹೊತ್ತು ಅದೇ ಆದ್ದರಿಂದ ಇದನ್ನು ಯಾವ ಪುಸ್ತಕ ನೋಡಿಯೂ ತಿಳಿಯಬೇಕಿರಲಿಲ್ಲ. ಉತ್ತರ ಕರ್ನಾಟಕದ ಯಾರೋ ತಮ್ಮ ಊರಿಗಾಗಿ ಲೆಕ್ಕ ಬರೆದಿದ್ದರು. ಊರುಗಳ ಪಟ್ಟಿಯನ್ನು ಮುಂದೆಂದಾದರೂ ಜೋಡಿಸೋಣ ಎಂದು ಇಟ್ಟು, ಜೋಡಿಸದೆ ಬಿಟ್ಟಿದ್ದರು.

ಈಗ ಎರಡನೆಯದನ್ನು ತೆರೆದು ಊರನ್ನು ಬಾಗಲಕೋಟೆ ಎಂದು ಬದಲಿಸಿದಳು. ಮೂವತ್ತೇಳಕ್ಕೆ ಮೂವತ್ತೇಳು.

ಫೇಲಾಗಿದ್ದದ್ದು ಸಾಫ್ಟ್‌ವೇರಲ್ಲ, ಪ್ರಶ್ನೆಪತ್ರಿಕೆ. ಪಂಚಾಂಗ ಬಾಗಲಕೋಟೆಯ ಸೂರ್ಯನದು, ಅವಳು ಕೇಳಿದ್ದು ವಿಶಾಖಪಟ್ಟಣದ ಸೂರ್ಯನನ್ನು. ಎರಡರ ನಡುವೆ ಸುಮಾರು ಅರ್ಧ ಗಂಟೆ. ಕಾರ್ಖಾನೆಯಲ್ಲಿ ಮೇಲಿನ ಚೀಟಿ ಓದದೆ ಯಾವ ಬಾಟಲಿಯನ್ನೂ ಮುಟ್ಟದವಳು ಪಂಚಾಂಗ ಯಾವ ಊರಿನದೆಂದು ಮಾತ್ರ ಓದಿರಲಿಲ್ಲ. ಆ ಮನೆಯಲ್ಲಿ ಊರು ಎಂದರೆ ಬಾಗಲಕೋಟೆ, ಪಂಚಾಂಗ ಎಂದರೆ ಅಲ್ಲಿಂದ ಬರುವುದು. ಹೆಸರು ಹಿಡಿದು ಹೇಳುವ ರೂಢಿಯೇ ಇರಲಿಲ್ಲ.

ಈ ವರ್ಷದ ಲೆಕ್ಕವನ್ನು ಅವಳು ಕೈಯಿಂದಲೂ ಮಾಡಿ ನೋಡಿದಳು. ಶ್ರಾದ್ಧಕ್ಕೆ ಒಂದು ಹೊತ್ತಿದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು. ತಿಥಿ ಎರಡು ದಿನವೂ ಆ ಪಾಲನ್ನು ಮುಟ್ಟಿದರೆ, ಹೆಚ್ಚು ನಿಮಿಷ ಇರುವ ದಿನವೇ ಶ್ರಾದ್ಧದ ದಿನ. ವಿಶಾಖಪಟ್ಟಣದಲ್ಲಿ ಮಂಗಳವಾರ ನಲವತ್ತೆರಡು ನಿಮಿಷ, ಬುಧವಾರ ನಲವತ್ತೆಂಟು. ಆರು ನಿಮಿಷದಿಂದ ಬುಧವಾರ. ಬಾಗಲಕೋಟೆಗೆ ಮಂಗಳವಾರ. ವಿಜಯವಾಡದ ಹೆಸರನ್ನೂ ಹಾಕಿದಳು: ಐವತ್ತಮೂರು, ಮೂವತ್ತೆಂಟು. ಮಂಗಳವಾರ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ವಿಜಯವಾಡದ ದುರ್ಗಾಪ್ರಸಾದ ಶಾಸ್ತ್ರಿಗಳಿಗೆ ಫೋನು ಮಾಡಿದಳು. ಅವರು ಅತ್ತಿಗೆ ಸಾಯಿಲಕ್ಷ್ಮಿಯ ತವರಿನ ಪುರೋಹಿತರು. ಭೀಮಸೇನ ದಿನ ಕೇಳಿದ್ದು ಅವರನ್ನೇ.

"ಎಲ್ಲಿ ಮಾಡ್ತಾ ಇದೀರಮ್ಮಾ?" ಎಂದರು ಶಾಸ್ತ್ರಿಗಳು.

"ವಿಶಾಖಪಟ್ಟಣದಲ್ಲಿ."

ಅತ್ತ ಕಡೆ ಪುಟ ತಿರುವುವ ಸದ್ದು. "ಹಾಗಾದರೆ ಬುಧವಾರ. ನಿಮ್ಮ ಅಣ್ಣಗಾರು ದಿನ ಯಾವುದು ಅಂದರು. ಭವಾನಿಪುರಂನವರು ಕೇಳಿದರೆ ಭವಾನಿಪುರಂನ ದಿನ ಹೇಳ್ತೀನಿ. ಯಾರ ಹೊಟ್ಟೆನೋವು ಅಂತ ಕೇಳದೆ ಡಾಕ್ಟರು ಮಾತ್ರೆ ಕೊಡಬಾರದು. ಕೊಟ್ಟೆ. ನಂದೂ ತಪ್ಪಿದೆ."

"ವಿಜಯವಾಡದಲ್ಲೇ ಮಾಡಿದರೆ?"

"ಮಂಗಳವಾರವೇ. ಅದರಲ್ಲಿ ಅನುಮಾನ ಬೇಡಮ್ಮಾ."

ಭೀಮಸೇನನಿಗೆ ಇದು ಹಿಡಿಸಲಿಲ್ಲ. ವಿಜಯವಾಡದ ಆಟೋನಗರದಲ್ಲಿ ಲಾರಿಗಳ ಸರ್ವಿಸ್ ಸೆಂಟರ್ ಒಂದಕ್ಕೆ ಅವನು ಮ್ಯಾನೇಜರು. ಆ ಬುಧವಾರ ಹೈದರಾಬಾದಿನಿಂದ ತಪಾಸಣೆಯವರು ಬರುವವರಿದ್ದರು. ತಾರೀಖು ಎರಡು ತಿಂಗಳ ಹಿಂದೆಯೇ ಗೊತ್ತಾಗಿತ್ತು.

"ಬುಧವಾರ ನಾ ಹ್ಯಾಂಗ ಬರಲಿ ಕೃಪಾ?"

"ದಿನ ನಾ ಮಾಡಿದ್ದಲ್ಲ ಅಣ್ಣ."

"ನಾಲ್ಕು ದಿನದ ಹಿಂದ ನೀನ ಮಾಡಿದ್ದಿ. ನಾಲ್ಕು ಪುಟ. ಕೆಳಗ ಸಹಿ."

"ಆ ರಿಪೋರ್ಟ್ ಹಿಂದ ತಗೋತೀನಿ."

"ನೋಡು, ಬಹಳ ಸಿಂಪಲ್. ಇಲ್ಲಿ ಮಾಡಿದ್ರ ಮಂಗಳವಾರನೇ ಕದಾ? ಅಮ್ಮನ್ನ ಕರಕೊಂಡು ಬಾ. ಹೊಳಿ ಮನೀ ಮುಂದ ಅದ. ಶಾಸ್ತ್ರಿಗಳೂ ಇದ್ದಾರ. ಸಾಯಿಲಕ್ಷ್ಮಿ ಎಲ್ಲಾ ನೋಡ್ಕೋತಾಳ."

"ಅಮ್ಮ ಬರೂದಿಲ್ಲ. ನಿಂಗೂ ಗೊತ್ತದ."

"ಮತ್ತ ನಾ ಇಲ್ಲದ ಶ್ರಾದ್ಧ ಮಾಡ್ರಿ ಹಂಗಾರ," ಎಂದು ಅವನು ಫೋನು ಇಟ್ಟ. ಮಾಡುವವನು ಅವನೇ ಆದ್ದರಿಂದ ಆ ಮಾತಿಗೆ ಅರ್ಥವಿರಲಿಲ್ಲ. ಎರಡು ನಿಮಿಷದಲ್ಲಿ ಅವನದೇ ಮೆಸೇಜು ಬಂತು: 'ಕೋಪದಾಗ ಅಂದೆ. ಅಮ್ಮನ್ನ ಕೇಳು.'

ಕೇಳುವುದು ಅಷ್ಟು ಸುಲಭವಾಗಿರಲಿಲ್ಲ. ಬುಧವಾರ ಸರಿ ಎನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ, ಲೆಕ್ಕ ಕೂಡದ ಆ ಎರಡು ವರ್ಷ ಈ ಮನೆಯಲ್ಲಿ ಅಜ್ಜನ ಶ್ರಾದ್ಧ ತಪ್ಪು ದಿನ ನಡೆದಿತ್ತು ಎಂದು ಹೇಳಿದಂತೆ. ದಿನ ಗೊತ್ತು ಮಾಡಿದವರು ಅಪ್ಪ. ಮಡಿಯಲ್ಲಿ ನಿಂತು ಅಡುಗೆ ಮಾಡಿದವರು ಅಮ್ಮ. ಇದನ್ನು ಹೇಳದೆ ಬಿಡುವ ದಾರಿಯೂ ಇತ್ತು. ಮಂಗಳವಾರ ಎಂದು ಎಲ್ಲರಿಗೂ ಹೇಳಿಯಾಗಿತ್ತು, ಆರು ನಿಮಿಷದ ವ್ಯತ್ಯಾಸವನ್ನು ಅಳೆದವಳು ಅವಳೊಬ್ಬಳೇ. ಕೃಪಾ ಆ ದಾರಿಯನ್ನು ಮರುದಿನ ಬಸ್ಸಿನಲ್ಲಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಯೋಚಿಸಿದಳು.

ಸಂಜೆ ರಾಜಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವಳು ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಅರ್ಧ ಗಂಟೆಯ ಸೂರ್ಯ, ಐದು ಪಾಲು, ಆರು ನಿಮಿಷ, ಶಾಸ್ತ್ರಿಗಳ ಮಾತು. ಕೊನೆಗೆ, "ಅಪ್ಪ ಎರಡು ವರ್ಷ ತಪ್ಪು ದಿನ ಮಾಡ್ಯಾರ ಅಮ್ಮ," ಎಂದಳು.

ರಾಜಮ್ಮನ ಕೈ ನಿಲ್ಲಲಿಲ್ಲ. "ಯಾವ ಯಾವ ವರ್ಷ?"

"ತೊಂಬತ್ತೆಂಟು. ಆಮ್ಯಾಲ ಎರಡು ಸಾವಿರದ ಹನ್ನೊಂದು."

"ಆ ಪುಸ್ತಕ ತಗಿ."

ಕೃಪಾ ಟ್ರಂಕಿನಿಂದ ಎರಡೂ ಪಂಚಾಂಗ ತೆಗೆದಳು. ಮೊದಲನೆಯದರಲ್ಲಿ ಸುತ್ತು ಹಾಕಿದ ತಾರೀಖಿನ ಪಕ್ಕ, ಅಂಚಿನ ಉದ್ದಕ್ಕೂ, ಪೆನ್ಸಿಲಿನ ಸಣ್ಣ ಅಕ್ಷರಗಳಿದ್ದವು. ಅವಳು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

'ಇಲ್ಲಿಗೆ ಮರುದಿನ ಬರುತ್ತದೆ. ಅಣ್ಣ ಮಾಡುವ ದಿನವೇ ಮಾಡುವುದು.'

2011ರದರಲ್ಲಿ ಒಂದೇ ಮಾತು ಇತ್ತು: 'ಮೊದಲಿನಂತೆ.'

ಹಡಗಿನಲ್ಲಿ ಇಪ್ಪತ್ತು ವರ್ಷ ಸೂರ್ಯೋದಯದ ಕೋಷ್ಟಕಗಳನ್ನು ನೋಡುತ್ತಿದ್ದ ಮನುಷ್ಯನಿಗೆ ಆ ಅರ್ಧ ಗಂಟೆ ಗೊತ್ತಿಲ್ಲದೆ ಇರುವುದು ಸಾಧ್ಯವಿರಲಿಲ್ಲ. ಕೃಪಾಗೆ ಅದು ಈಗ ಹೊಳೆಯಿತು.

"ನಿಂಗ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ಆವತ್ತ ಯಾಕ ಓದಲಿಲ್ಲ?"

"ನೀ ತಾರೀಖು ಕೇಳಿದಿ. ತಾರೀಖು ಓದಿದೆ." ರಾಜಮ್ಮ ಸಿಪ್ಪೆಯನ್ನು ಒಂದು ಕಡೆ ಸರಿಸಿದರು. "ದೊಡ್ಡವ ಎಲ್ಲಿ ಇರ್ತಾನ, ದಿನ ಅಲ್ಲೀದು ಅಂತಿದ್ರು ಅವರು. ಅಣ್ಣ ತಮ್ಮ ಬ್ಯಾರೆ ಬ್ಯಾರೆ ದಿನ ಕರದ್ರ ಅಪ್ಪ ಯಾರ ಮನೀಗೆ ಹೋಗಬೇಕು ಅಂತ. ನಿಮ್ಮ ದೊಡ್ಡಪ್ಪ ಊರಾಗಿದ್ರು, ಊರ ದಿನಾನ ಹಿಡದ್ರು."

"ದೊಡ್ಡಪ್ಪ ಹೋದ ಮ್ಯಾಲೂ ಊರ ಪಂಚಾಂಗನ ತರಸ್ತಿದ್ರಲ್ಲ?"

"ಆಮ್ಯಾಲ ಎಂದೂ ಎರಡು ದಿನ ಬರಲೇ ಇಲ್ಲ. ಬಂದಿದ್ರ ಏನು ಮಾಡ್ತಿದ್ರೋ ನಂಗ ಗೊತ್ತಿಲ್ಲ."

ಕೃಪಾ ಎರಡೂ ಪಂಚಾಂಗಗಳನ್ನು ಮುಚ್ಚಿದಳು.

"ಈಗ ದೊಡ್ಡವ ಯಾರು?" ಎಂದು ರಾಜಮ್ಮ ಕೇಳಿದರು.

ಅದು ಕೃಪಾಳನ್ನು ಕೇಳಿದ ಪ್ರಶ್ನೆಯಂತೆ ಇರಲಿಲ್ಲ.

"ಭೀಮನ ಊರಿಗೆ ಸೋಮವಾರ ರೈಲು ಎಷ್ಟಕ್ಕದ?"

"ಅಮ್ಮ, ಅಪ್ಪ ಈ ಮನೀಗೇ ಬರ್ತಾರ ಅಂತಿದ್ದಿ."

"ಹಡಗ ನಡಿಸ್ಯಾರ," ಎಂದರು ರಾಜಮ್ಮ. "ಭವಾನಿಪುರಂ ಸಿಗೂದಿಲ್ಲೇನು ಅವರಿಗೆ?"

ಅಡುಗೆಯವರಿಗೂ ಗಾಜುವಾಕದ ಪುರೋಹಿತರಿಗೂ ಬೇಡವೆಂದು ಹೇಳಲಾಯಿತು. ಕೃಪಾ ಹಳೆಯ ರಿಪೋರ್ಟಿನ ಮೇಲೆ ಅಡ್ಡಗೆರೆ ಎಳೆದು ಹೊಸದೊಂದು ಬರೆದಳು. ಈ ಸಲ ಒಂದೇ ಪುಟ. ಮೂರನೆಯ ಸಾಫ್ಟ್‌ವೇರಿನ ಎದುರಿಗೆ, 'ತಿರಸ್ಕರಿಸಿದೆ. ಊರು ಬದಲಿಸಿದರೂ ಉತ್ತರ ಬದಲಾಗುವುದಿಲ್ಲ' ಎಂದು ಹಾಕಿದಳು. ಎರಡನೆಯದರ ಎದುರಿಗೆ, 'ಒಪ್ಪಿದೆ. ಮಾನದಂಡ ಯಾವ ಊರಿನದೆಂದು ಪರೀಕ್ಷಕಿ ನೋಡಿರಲಿಲ್ಲ.' ಅದರ ಊರುಗಳ ಪಟ್ಟಿಯಲ್ಲಿ ಭವಾನಿಪುರಂ ಇರಲಿಲ್ಲ. ಅಣ್ಣನ ಮನೆಯ ಅಕ್ಷಾಂಶ ರೇಖಾಂಶಗಳನ್ನು ನಕಾಶೆಯಿಂದ ತೆಗೆದು ಸ್ಥಳದ ಖಾನೆಯಲ್ಲಿ ತುಂಬಿದಳು. ಉತ್ತರ ಮಂಗಳವಾರವೇ ಬಂತು, ತಿರಸ್ಕೃತವಾದದ್ದು ಮೊದಲು ಹೇಳಿದ್ದೂ ಅದೇ ದಿನ. ಇದನ್ನೂ ಅವಳು ಷರಾದಲ್ಲಿ ಬರೆದಳು.

ಮಂಗಳವಾರ ಮಧ್ಯಾಹ್ನ 2.25ಕ್ಕೆ ಸಪ್ತಮಿ ಹುಟ್ಟಿತು. 2.30ಕ್ಕೆ ದುರ್ಗಾಪ್ರಸಾದ ಶಾಸ್ತ್ರಿಗಳು ಭೀಮಸೇನನಿಂದ ಸಂಕಲ್ಪ ಹೇಳಿಸಿದರು. ಕಾಲ ಹೇಳಿ ಆದ ಮೇಲೆ ಸ್ಥಳ ಹೇಳಬೇಕು. ಕೃಷ್ಣಾ ನದಿಯ ಉತ್ತರ ತೀರದಲ್ಲಿ ಎಂದು ಅವರು ಹೇಳಿಕೊಟ್ಟರು, ಅವನು ಹೇಳಿದ. ರಾಜಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದರು.

ಬುಧವಾರ ಭೀಮಸೇನ ತಪಾಸಣೆಗೆ ಹಾಜರಾದ. ಅದೇ ದಿನ ಕೃಪಾ ಒಬ್ಬಳೇ ವಿಶಾಖಪಟ್ಟಣಕ್ಕೆ ಮರಳಿದಳು. ರಾಜಮ್ಮ ಮರಳಿದ್ದು ಮುಂದಿನ ಭಾನುವಾರದ ರೈಲಿಗೆ.